ಸಾರಜನಕ ಇಳಿಸಿದಿರಿ ಸರಿ, ರಂಜಕದ ಲೆಕ್ಕ ಎಲ್ಲಿ?

ಕೆರೆ, ಸರೋವರ, ಜಲಾಶಯಗಳ ನೀರಿನ ಹೊಣೆ ಹೊತ್ತ ಎಲ್ಲ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ವಿಷಯ: ಸಾರಜನಕ ಹಿಡಿಯುವ ನೀಲಿ-ಹಸಿರು ಪಾಚಿಗಳ ನಡುವಿನ ರಂಜಕದ ಪೈಪೋಟಿ ಮತ್ತು ಅದನ್ನು ಕಾಣಿಸದ ನಿಮ್ಮ ವರದಿಗಳ ಬಗ್ಗೆ.

ಮಾನ್ಯರೇ,

ವಂದನೆಗಳು. ನೀರಿನ ಮಾದರಿಗಳನ್ನು ಮೈಕ್ರೋಸ್ಕೋಪಿನಡಿ ಇಟ್ಟು ಪಾಚಿ ಗುರುತಿಸಿ ಎಣಿಸುವುದು ನನ್ನ ಕೆಲಸ. ಕುಡಿಯುವ ನೀರು ಕೊಡುವ ಒಂದು ಜಲಾಶಯದ ಬಗ್ಗೆ ಬರೆಯುತ್ತಿದ್ದೇನೆ. ಅದರ ಹೆಸರು ಹಾಕಿಲ್ಲ. ಹಾಕಿದ್ದರೆ ಉಳಿದವರೆಲ್ಲ "ಅದು ನಮ್ಮ ಜಲಾಶಯ ಅಲ್ಲವಲ್ಲ" ಎಂದು ಪತ್ರವನ್ನು ಪಕ್ಕಕ್ಕಿಡುತ್ತಿದ್ದರು. ಇಂಥದ್ದು ಒಂದು ಕಡೆ ಮಾತ್ರ ನಡೆಯುವುದಲ್ಲ, ಅದು ನಿಮಗೂ ಗೊತ್ತು.

ಆಗಿದ್ದಿಷ್ಟು. ಆ ಜಲಾಶಯದಲ್ಲಿ ಬಿಸಿಲು ಏರಿದ ಕೂಡಲೇ ಹಸಿರು ಪದರ ಕಟ್ಟುತ್ತಿತ್ತು. ಆಗ ಅಲ್ಲಿ ಯಜಮಾನಿಕೆ ಮೈಕ್ರೋಸಿಸ್ಟಿಸ್‌ನದು. ಅದು ನೀಲಿ-ಹಸಿರು ಪಾಚಿಯೇ ಆದರೂ ಗಾಳಿಯಿಂದ ಸಾರಜನಕ ಹಿಡಿಯಲಾರದು. ನೀರಿನಲ್ಲಿರುವ ನೈಟ್ರೇಟ್, ಅಮೋನಿಯಂ, ಯೂರಿಯಾ ಇವುಗಳನ್ನೇ ನಂಬಿ ಬದುಕುವಂಥದ್ದು. ನೀವು ಕೊಳಚೆ ನೀರಿನ ಶುದ್ಧೀಕರಣ ಘಟಕವನ್ನು ಸುಧಾರಿಸಿದಿರಿ. ಸಾರಜನಕ ತೆಗೆಯುವ ವ್ಯವಸ್ಥೆ ಬಂತು. ಜಲಾಶಯದ ನೈಟ್ರೇಟ್ ನಿಜವಾಗಿಯೂ ಇಳಿಯಿತು, ಮೈಕ್ರೋಸಿಸ್ಟಿಸ್ ಕೂಡ ಇಳಿಯಿತು. ಇದು ಒಳ್ಳೆಯ ಕೆಲಸ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಹೇಳುವುದನ್ನೆಲ್ಲ ಆ ಕೆಲಸದ ವಿರುದ್ಧದ ಮಾತು ಎಂದು ಯಾರೂ ತಿರುಚಬಾರದು.

ಆದರೆ ರಂಜಕ ತೆಗೆಯುವ ಹಂತವನ್ನು ಮುಂದಕ್ಕೆ ಹಾಕಿದಿರಿ. ಸಾರಜನಕ ಇಳಿದರೆ ಪಾಚಿ ತಾನೇ ಉಪವಾಸ ಬೀಳುತ್ತದೆ ಎಂಬುದು ನಿಮ್ಮ ಸಭೆಯಲ್ಲಿ ಕೇಳಿಬಂದ ವಾದ. ಮುಂದಿನ ಬೇಸಿಗೆಯಲ್ಲಿ ಪದರ ಮತ್ತೆ ಬಂತು. ಈ ಸಲ ನಲ್ಲಿ ನೀರಿನಲ್ಲಿ ಮಣ್ಣಿನ ವಾಸನೆಯೂ ಬಂತು. ಜನ ದೂರು ಕೊಟ್ಟರು. ನಿಮ್ಮ ಉತ್ತರದಲ್ಲಿ ಇದ್ದದ್ದು ಒಂದೇ ಸಾಲು: "ಒಟ್ಟು ನೀಲಿ-ಹಸಿರು ಪಾಚಿಯ ಪ್ರಮಾಣ ಹಿಂದಿನ ವರ್ಷದಷ್ಟೇ ಇದೆ, ಆತಂಕ ಬೇಡ."

ಒಟ್ಟು ಪ್ರಮಾಣ ಅಷ್ಟೇ ಇತ್ತು, ನಿಜ. ಪಾಚಿ ಮಾತ್ರ ಅದೇ ಆಗಿರಲಿಲ್ಲ.

ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಮೈಕ್ರೋಸಿಸ್ಟಿಸ್‌ನ ಆಕಾರವಿಲ್ಲದ ಗುಂಪುಗಳ ಜಾಗದಲ್ಲಿ ಈಗ ಸುರುಳಿ ಸುತ್ತಿದ ಎಳೆಗಳು. ಎಳೆಯ ಕೋಶಗಳೆಲ್ಲ ದುಂಡಗೆ, ಒಳಗೆ ಗಾಳಿಗುಳ್ಳೆಗಳು ತುಂಬಿ ಕಪ್ಪು ಕಪ್ಪಾಗಿ ಕಾಣುತ್ತವೆ. ನಡು ನಡುವೆ ಒಂದೊಂದು ಕೋಶ ಬೇರೆ ಥರ. ತುಸು ದೊಡ್ಡದು, ದಪ್ಪ ಗೋಡೆ, ಒಳಗೆ ಏನೂ ಇಲ್ಲವೇನೋ ಎನ್ನುವಷ್ಟು ತಿಳಿ. ಪಕ್ಕದ ಕೋಶಕ್ಕೆ ಅಂಟುವ ಎರಡೂ ತುದಿಗಳಲ್ಲಿ ಹೊಳೆಯುವ ಚುಕ್ಕೆ. ಅದು ಹೆಟೆರೋಸಿಸ್ಟ್. ಸಾರಜನಕ ಹಿಡಿಯಲೆಂದೇ ಮೀಸಲಾದ ಕೋಶ. ಎಳೆಯ ಹೆಸರು ಡೋಲಿಕೋಸ್ಪರ್ಮಮ್, ಹಳೆಯ ಪುಸ್ತಕಗಳಲ್ಲಿ ಅನಬೀನಾ. ಮಣ್ಣಿನ ವಾಸನೆಯ ಜಿಯೋಸ್ಮಿನ್ ಮಾಡುವ ತಳಿಗಳು ಈ ಗುಂಪಿನಲ್ಲಿವೆ. ಜಿಯೋಸ್ಮಿನ್ ವಿಷವಲ್ಲ. ಆದರೆ ಲೀಟರಿಗೆ 10 ನ್ಯಾನೋಗ್ರಾಂ ಆಸುಪಾಸು ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ನಿಮ್ಮ ವರದಿಗಿಂತ ಜನರ ಮೂಗು ಚುರುಕಾಗಿತ್ತು.

ಇನ್ನೊಂದು ಮಾದರಿಯಲ್ಲಿ ಅಫನಿಜೊಮೆನಾನ್ ಇತ್ತು. ಅದರ ಎಳೆಗಳು ಒಂದರ ಪಕ್ಕ ಒಂದು ಅಂಟಿಕೊಂಡು ಕಟ್ಟಾಗುತ್ತವೆ. ಬಾಟಲಿ ಎತ್ತಿ ಹಿಡಿದರೆ ಬರಿಗಣ್ಣಿಗೇ ಕತ್ತರಿಸಿದ ಹುಲ್ಲಿನ ಚೂರುಗಳ ಹಾಗೆ ಕಾಣುತ್ತದೆ. ಅದಕ್ಕೂ ಹೆಟೆರೋಸಿಸ್ಟ್ ಇದೆ. ಅಂದರೆ ಗಾಳಿಯಿಂದ ಸಾರಜನಕ ಹಿಡಿಯಲಾಗದವರು ಹಿಂದೆ ಸರಿದು, ಹಿಡಿಯಬಲ್ಲವರು ಮುಂದೆ ಬಂದಿದ್ದರು. ನಿಮ್ಮ ಕೋಷ್ಟಕದಲ್ಲಿ ಇಬ್ಬರಿಗೂ ಒಂದೇ ಕಾಲಂ.

ಕೋಷ್ಟಕದ ಇನ್ನೊಂದು ಕಾಲಂ ನೋಡಿ ನನಗೆ ನಿಜಕ್ಕೂ ಸಿಟ್ಟು ಬಂತು. "ಕರಗಿದ ಫಾಸ್ಫೇಟ್: ಪತ್ತೆಯಾಗಿಲ್ಲ." ಫಾಸ್ಫೇಟ್ ಅಂದರೆ ರಂಜಕ ನೀರಿನಲ್ಲಿ ಕರಗಿರುವ ರೂಪ. ಆ ಸಾಲನ್ನೇ ಹಿಡಿದುಕೊಂಡು "ಜಲಾಶಯದಲ್ಲಿ ರಂಜಕವೇ ಇಲ್ಲ, ಇನ್ನೇನು ತೆಗೆಯುವುದು" ಎಂದು ಮಾತಾಡಿದವರಿದ್ದಾರೆ. ಸ್ವಾಮಿ, ರಂಜಕ ಇಲ್ಲದೆ ಅಷ್ಟು ಪಾಚಿ ಬೆಳೆಯುವುದು ಸಾಧ್ಯವೇ ಇಲ್ಲ. ಅದು ನೀರಿನಲ್ಲಿ ಇರಲಿಲ್ಲ, ಪಾಚಿಯ ಹೊಟ್ಟೆಯೊಳಗಿತ್ತು. ನೀಲಿ-ಹಸಿರು ಪಾಚಿಗಳು ಫಾಸ್ಫೇಟ್ ಸಿಕ್ಕಾಗ ಬೇಕಾದ್ದಕ್ಕಿಂತ ಜಾಸ್ತಿ ಎಳೆದುಕೊಳ್ಳುತ್ತವೆ. ಅದನ್ನು ಪಾಲಿಫಾಸ್ಫೇಟ್ ಎಂಬ ಉದ್ದ ಸರಪಳಿಯಾಗಿ ಕೂಡಿಡುತ್ತವೆ. ಟೊಲುಯಿಡಿನ್ ಬ್ಲೂ ಬಣ್ಣ ಹಾಕಿ ನೋಡಿ. ಆ ದಾಸ್ತಾನಿನ ಕಾಳುಗಳು ಕೆಂಪು ನೇರಳೆಯಾಗಿ ಎದ್ದು ಕಾಣುತ್ತವೆ. ಹಾಗೆ ಕೂಡಿಟ್ಟುಕೊಂಡ ಕೋಶ ಹೊರಗೆ ಒಂದು ಹನಿ ಫಾಸ್ಫೇಟ್ ಇಲ್ಲದಿದ್ದರೂ ಹಲವು ಸಲ ಒಡೆದು ಹೆಚ್ಚಬಲ್ಲದು. ಪಾಚಿ ಕಟ್ಟಿದ ನೀರಿನಲ್ಲಿ ಕರಗಿದ ಫಾಸ್ಫೇಟ್ ಸೊನ್ನೆ ಬಂತು ಅಂದರೆ ಪೈಪೋಟಿ ಜೋರಾಗಿದೆ ಎಂದು ಅರ್ಥ. ನೋಡಬೇಕಾದ್ದು ಒಟ್ಟು ರಂಜಕ. ಕರಗಿದ್ದು, ಕೋಶದೊಳಗಿನದು, ಕಣಗಳಿಗೆ ಅಂಟಿದ್ದು ಎಲ್ಲ ಸೇರಿ. ಅದು ನಿಮ್ಮ ವರದಿಯಲ್ಲಿ ಇಲ್ಲ.

ಸಾರಜನಕ ಇಳಿಸಿದರೆ ಇವು ಯಾಕೆ ಗೆಲ್ಲುತ್ತವೆ ಎಂಬುದು ದೊಡ್ಡ ಗುಟ್ಟೇನಲ್ಲ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ನೀರಿನಲ್ಲೂ ಅದು ಕರಗಿರುತ್ತದೆ. ಆದರೆ ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿವೆ. ಅದನ್ನು ಬಿಡಿಸುವುದು ನೈಟ್ರೋಜಿನೇಸ್ ಎಂಬ ಕಿಣ್ವ. ಒಂದು ಅಣು ಸಾರಜನಕವನ್ನು ಅಮೋನಿಯ ಮಾಡಲು ಕಡಿಮೆಯೆಂದರೂ 16 ಎಟಿಪಿ (ಕೋಶದೊಳಗೆ ಶಕ್ತಿ ಹೊತ್ತ ಅಣು) ಖರ್ಚು. ಸಾಲದ್ದಕ್ಕೆ ಆಮ್ಲಜನಕ ತಾಗಿದರೆ ಈ ಕಿಣ್ವ ಕೆಟ್ಟುಹೋಗುತ್ತದೆ. ಪಾಚಿ ತಾನೇ ದಿನವಿಡೀ ಆಮ್ಲಜನಕ ಬಿಡುವ ಜೀವಿ! ಅದಕ್ಕೇ ಹೆಟೆರೋಸಿಸ್ಟ್. ದಪ್ಪ ಗೋಡೆ ಆಮ್ಲಜನಕವನ್ನು ಹೊರಗಿಡುತ್ತದೆ. ಒಳಗೆ ಆಮ್ಲಜನಕ ಬಿಡುವ ಭಾಗದ ಕೆಲಸ ನಿಂತಿರುತ್ತದೆ. ಪಕ್ಕದ ಕೋಶಗಳು ಸಕ್ಕರೆ ಕೊಡುತ್ತವೆ, ಇದು ಅವಕ್ಕೆ ಸಾರಜನಕ ಕೊಡುತ್ತದೆ. ಸಾರಜನಕ ಮುಗಿದ ಒಂದು ದಿನದ ಆಸುಪಾಸಿನಲ್ಲಿ ಹೊಸ ಹೆಟೆರೋಸಿಸ್ಟ್ ತಯಾರಾಗುತ್ತದೆ. ಒಮ್ಮೆ ಹಾಗಾದ ಕೋಶ ಮತ್ತೆ ಒಡೆದು ಹೆಚ್ಚುವುದಿಲ್ಲ.

ಇಷ್ಟು ಖರ್ಚಿನ ಕೆಲಸವನ್ನು ಯಾರೂ ಸುಮ್ನೆ ಮಾಡುವುದಿಲ್ಲ, ಅಲ್ವಾ? ನೀರಿನಲ್ಲಿ ಅಮೋನಿಯಂ ಧಾರಾಳವಾಗಿದ್ದರೆ ಡೋಲಿಕೋಸ್ಪರ್ಮಮ್ ಕೂಡ ಹೆಟೆರೋಸಿಸ್ಟ್ ಮಾಡದೆ ಅದನ್ನೇ ತಿನ್ನುತ್ತದೆ. ಆ ಪರಿಸ್ಥಿತಿಯಲ್ಲಿ ಅದಕ್ಕೆ ವಿಶೇಷ ಲಾಭವಿಲ್ಲ. ಬೇಗ ಬೆಳೆಯುವವರು ಮುಂದೆ ಹೋಗುತ್ತಾರೆ. ಸಾರಜನಕ ಬರಿದಾದಾಗ ಆಟ ತಿರುಗುತ್ತದೆ. ಉಳಿದವರ ಬೆಳವಣಿಗೆ ನಿಲ್ಲುತ್ತದೆ, ಹಿಡಿಯುವವರದು ಮುಂದುವರಿಯುತ್ತದೆ. ಆಮೇಲೆ ಅವರವರ ನಡುವೆಯೇ ಜಗಳ. ಜಗಳ ಯಾತಕ್ಕೆ? ರಂಜಕಕ್ಕೆ. ರಂಜಕವನ್ನು ಗಾಳಿಯಿಂದ ಹಿಡಿಯುವ ದಾರಿ ಯಾವ ಜೀವಿಗೂ ಇಲ್ಲ. ಅದು ಬರಬೇಕಾದ್ದು ಕೊಳಚೆಯಿಂದ, ಹೊಲದಿಂದ ಹರಿದ ನೀರಿನಿಂದ, ಡಿಟರ್ಜೆಂಟಿನಿಂದ, ಇಲ್ಲವೇ ತಳದ ಹೂಳಿನಿಂದ.

ಈ ಜಗಳದಲ್ಲಿ ಯಾರು ಗೆಲ್ಲುತ್ತಾರೆ ಎಂಬುದು ನಿಮ್ಮ ಕೆಲಸಕ್ಕೆ ನೇರ ಸಂಬಂಧಪಟ್ಟದ್ದು. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಡೇವಿಡ್ ಟಿಲ್ಮನ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಡಯಾಟಮ್ ಎಂಬ ಪಾಚಿ‌ಗಳನ್ನು ಇಟ್ಟುಕೊಂಡು ಒಂದು ಲೆಕ್ಕ ತೋರಿಸಿದರು. ಒಂದೇ ಪೋಷಕಾಂಶಕ್ಕೆ ಹಲವರು ಪೈಪೋಟಿ ಮಾಡಿದರೆ, ಆ ಪೋಷಕಾಂಶವನ್ನು ಅತಿ ಕೆಳಗಿನ ಮಟ್ಟಕ್ಕೆ ಇಳಿಸಿಯೂ ಬದುಕಬಲ್ಲವರು ಕೊನೆಗೆ ಉಳಿಯುತ್ತಾರೆ. ಉಳಿದವರಿಗೆ ಆ ಮಟ್ಟ ಸಾಲದು. ಪ್ರಯೋಗಾಲಯದ ಪಾತ್ರೆಯಲ್ಲಿ, ಪೋಷಕಾಂಶ ಒಂದೇ ಸಮನೆ ಹನಿಯುತ್ತಿದ್ದರೆ, ಇದು ಚೆನ್ನಾಗಿ ನಡೆಯುತ್ತದೆ. ಜಲಾಶಯದಲ್ಲಿ ರಂಜಕ ಒಂದೇ ಸಮನೆ ಹನಿಯುವುದಿಲ್ಲ. ಒಂದು ಜೋರು ಮಳೆಗೆ ದಬದಬ ಬರುತ್ತದೆ, ಆಮೇಲೆ ವಾರಗಟ್ಟಲೆ ಬರುವುದೇ ಇಲ್ಲ. ಆಗ ಕಡಿಮೆಯಲ್ಲಿ ಬದುಕುವ ಜಾಣತನದ ಜೊತೆಗೆ ಸಿಕ್ಕಾಗ ಬಾಚಿಕೊಳ್ಳುವ ಶಕ್ತಿಯೂ, ಕೂಡಿಡುವ ಜಾಗವೂ ಬೇಕು.

ಎರಡರಲ್ಲೂ ಗಟ್ಟಿಗನೆಂದು ಹೆಸರಾದದ್ದು ಸಿಲಿಂಡ್ರೊಸ್ಪರ್ಮಾಪ್ಸಿಸ್ ಎಂಬ ನೀಲಿ-ಹಸಿರು ಪಾಚಿ. 2018ರಿಂದ ಅದನ್ನು ರಾಫಿಡಿಯಾಪ್ಸಿಸ್ ಕುಲಕ್ಕೆ ಸೇರಿಸಿದ್ದಾರೆ. ತೆಳ್ಳನೆಯ ಎಳೆ, ಹೆಟೆರೋಸಿಸ್ಟ್ ಇದ್ದರೆ ತುದಿಯಲ್ಲಿ ಮಾತ್ರ, ಅದೂ ಹನಿಯ ಆಕಾರ. ಫಾಸ್ಫೇಟನ್ನು ತೀರಾ ಕಡಿಮೆ ಪ್ರಮಾಣದಲ್ಲೂ ಎಳೆದುಕೊಳ್ಳುತ್ತದೆ, ಕೂಡಿಡುತ್ತದೆ. ಕಡಿಮೆ ಬೆಳಕನ್ನೂ ಸಹಿಸುತ್ತದೆ. ಇದು ಸಾಮಾನ್ಯವಾಗಿ ಮೇಲೆ ಪದರ ಕಟ್ಟುವುದಿಲ್ಲ. ನೀರಿನೊಳಗೇ ಹರಡಿರುತ್ತದೆ. ಎಷ್ಟೋ ಸಲ ಮೇಲ್ಮೈಗಿಂತ ಕೆಲವು ಮೀಟರ್ ಕೆಳಗೆ ಜಾಸ್ತಿ ಇರುತ್ತದೆ. ನಿಮ್ಮ ಸಿಬ್ಬಂದಿ ದಡದಲ್ಲಿ ನಿಂತು ಬಕೆಟ್ಟಿನಲ್ಲಿ ಮೇಲಿನ ನೀರು ಮೊಗೆದು ತರುವುದನ್ನು ನಾನು ಕಂಡಿದ್ದೇನೆ. ಆ ಬಕೆಟ್ಟಿಗೆ ಇದು ಬೀಳುವ ಸಂಭವ ಕಡಿಮೆ. ನೀರು ಎಳೆಯುವ ಪೈಪಿನ ಬಾಯಿ ಇರುವ ಆಳದ ಮಾದರಿಯನ್ನು ನನ್ನ ಮೇಜಿಗೆ ಯಾರೂ ತಂದದ್ದಿಲ್ಲ.

ಸಾರಜನಕ ಹಿಡಿಯುವ ಇನ್ನೊಂದು ಪಾಚಿ ಗ್ಲಿಯೋಟ್ರೈಕಿಯಾ. ಅದರ ಉಪಾಯ ಇನ್ನೂ ಬೇರೆ. ಅದರ ಮೊಳಕೆ ಕೋಶಗಳು ತಳದ ಹೂಳಿನಲ್ಲಿ ಮಲಗಿರುತ್ತವೆ. ಅಲ್ಲೇ ಎದ್ದು, ಅಲ್ಲಿನ ರಂಜಕವನ್ನು ತುಂಬಿಕೊಂಡು, ಆಮೇಲೆ ಮೇಲೇರುತ್ತವೆ. ಮೇಲಿನ ನೀರಿನಲ್ಲಿ ರಂಜಕವಿಲ್ಲ ಎಂಬ ನಿಮ್ಮ ಅಳತೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದು ಬುತ್ತಿ ಕಟ್ಟಿಕೊಂಡೇ ಬಂದಿರುತ್ತದೆ.

ರಂಜಕವೊಂದೇ ಎಲ್ಲ ತೀರ್ಮಾನಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ನೈಟ್ರೋಜಿನೇಸ್‌ಗೆ ಕಬ್ಬಿಣ ಬೇಕು, ಸಾಮಾನ್ಯ ಬಗೆಗೆ ಮಾಲಿಬ್ಡಿನಮ್ ಕೂಡ ಬೇಕು. ಬೆಳಕು ಕಡಿಮೆಯಾದರೆ 16 ಎಟಿಪಿಯ ಖರ್ಚು ತೂಗಿಸುವುದು ಕಷ್ಟ. ಆದರೆ ಕಬ್ಬಿಣವನ್ನೋ ಬೆಳಕನ್ನೋ ಒಂದು ಕಚೇರಿಯ ಆದೇಶದಿಂದ ಇಳಿಸಲು ಬರುವುದಿಲ್ಲ. ರಂಜಕವನ್ನು ಬರುತ್ತದೆ.

ಇದಕ್ಕೆ ಸಾಕ್ಷಿ ಕೇಳಿದರೆ ಕೆನಡಾದ ಒಂಟಾರಿಯೊ ಪ್ರಾಂತ್ಯದ ಪ್ರಯೋಗ ಸರೋವರಗಳಿವೆ. ಅಲ್ಲಿನ 226ನೇ ಸರೋವರದ ನಡುವೆ 1973ರಲ್ಲಿ ಪರದೆ ಹಾಕಿ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕ. ರಂಜಕ ಹಾಕಿದ ಭಾಗ ಹಸಿರಾಯಿತು. ಮೇಲಿನಿಂದ ತೆಗೆದ ಆ ಫೋಟೊವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು 227ನೇ ಸರೋವರ. 1969ರಿಂದ ಅದಕ್ಕೆ ಗೊಬ್ಬರ ಹಾಕುತ್ತಾ ಬಂದರು. ಮೊದಲು ರಂಜಕದ ಜೊತೆ ಸಾರಜನಕ ಜಾಸ್ತಿ ಇತ್ತು. 1975ರಿಂದ ಸಾರಜನಕ ಕಡಿಮೆ ಮಾಡಿದರು. 1990ರಿಂದ ಪೂರ್ತಿ ನಿಲ್ಲಿಸಿ ರಂಜಕ ಮಾತ್ರ ಹಾಕಿದರು. ಸರೋವರ ತಿಳಿಯಾಗಲಿಲ್ಲ. ಸಾರಜನಕ ಹಿಡಿಯುವ ಅಫನಿಜೊಮೆನಾನ್ ಎದ್ದು ನಿಂತಿತು. ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 37 ವರ್ಷಗಳ ಆ ಫಲಿತಾಂಶವನ್ನು 2008ರಲ್ಲಿ ಪ್ರಕಟಿಸಿದರು. ಸಾರಜನಕ ಇಳಿಸುವುದರಿಂದ ಮಾತ್ರ ಸರೋವರಗಳನ್ನು ಉಳಿಸಲಾಗದು ಎಂಬುದು ಅವರ ತೀರ್ಮಾನ. ಒಂದು ಇಡೀ ಸರೋವರದಲ್ಲಿ ಇಷ್ಟು ದೀರ್ಘಕಾಲ ನಡೆದದ್ದನ್ನೇ ನಮ್ಮ ಜಲಾಶಯದಲ್ಲಿ ಮತ್ತೊಮ್ಮೆ ಮಾಡಿ ನೋಡುವ ಅಗತ್ಯ ಏನಿತ್ತು?

ನಿಮ್ಮ ತಾಂತ್ರಿಕ ಟಿಪ್ಪಣಿಯಲ್ಲಿ ಸಾರಜನಕ-ರಂಜಕ ಅನುಪಾತದ ಮಾತು ಬಂದಿದೆ. 1983ರಲ್ಲಿ ವಾಲ್ ಸ್ಮಿತ್ ಪ್ರಕಟಿಸಿದ ಲೇಖನದ ಪ್ರಕಾರ, ತೂಕದಲ್ಲಿ ಈ ಅನುಪಾತ 29:1ಕ್ಕಿಂತ ಮೇಲಿದ್ದರೆ ನೀಲಿ-ಹಸಿರು ಪಾಚಿಗಳು ಅಪರೂಪ. ಅದನ್ನು ಓದಿದ ಮೇಲೂ ನೀವು ಸಾರಜನಕವೊಂದನ್ನೇ ಇಳಿಸಿದಿರಿ, ಅಂದರೆ ಅನುಪಾತವನ್ನೂ ಇಳಿಸಿದಿರಿ! ಅದು ಹಾಗಿರಲಿ. ಅನುಪಾತವನ್ನೇ ಗುರಿ ಮಾಡಿಕೊಳ್ಳುವುದೂ ಸರಿಯಲ್ಲ. ಒಂದು ಕೆರೆಯಲ್ಲಿ ಲೀಟರಿಗೆ 300 ಮೈಕ್ರೋಗ್ರಾಂ ಸಾರಜನಕ, 10 ಮೈಕ್ರೋಗ್ರಾಂ ರಂಜಕ ಇದೆ ಎಂದುಕೊಳ್ಳಿ. ಇನ್ನೊಂದರಲ್ಲಿ 3000 ಮತ್ತು 100. ಎರಡರ ಅನುಪಾತವೂ 30:1. ಮೊದಲನೆಯದರಲ್ಲಿ ತಳ ಕಾಣಬಹುದು, ಎರಡನೆಯದರಲ್ಲಿ ಅಂಗೈ ಮುಳುಗಿಸಿದರೆ ಕಾಣದು. ಆಮೇಲಿನ ಅಧ್ಯಯನಗಳೂ ಅನುಪಾತಕ್ಕಿಂತ ಒಟ್ಟು ಪ್ರಮಾಣವೇ ನೀಲಿ-ಹಸಿರು ಪಾಚಿಯ ಪ್ರಾಬಲ್ಯವನ್ನು ಚೆನ್ನಾಗಿ ಹೇಳುತ್ತದೆ ಎಂದು ತೋರಿಸಿವೆ. ಮುಂದುವರಿದ ದೇಶಗಳ ಆರ್ಥಿಕ ಸಹಕಾರ ಸಂಸ್ಥೆ ಒಇಸಿಡಿ 1982ರಲ್ಲಿ ಒಟ್ಟು ರಂಜಕ ಲೀಟರಿಗೆ 35 ಮೈಕ್ರೋಗ್ರಾಂ ದಾಟಿದ ಸರೋವರಗಳನ್ನು ಪೋಷಕಾಂಶ ಅತಿಯಾದ ಗುಂಪಿಗೆ ಸೇರಿಸಿತ್ತು. ನಮ್ಮ ಜಲಾಶಯ ಯಾವ ಗುಂಪಿಗೆ ಸೇರುತ್ತದೆ ಎಂದು ಹೇಳೋಣವೆಂದರೆ ಅಳತೆಯೇ ಆಗಿಲ್ಲ.

ಈಗ ಇನ್ನೊಂದು ಮಗ್ಗುಲು. ಈ ಪತ್ರ ಓದಿದ ಯಾರಾದರೂ "ಹಾಗಾದರೆ ಸಾರಜನಕ ತೆಗೆಯುವುದು ದಂಡ, ಆ ಘಟಕ ನಿಲ್ಲಿಸಿ" ಎಂದರೆ ಅದನ್ನು ಮೊದಲು ವಿರೋಧಿಸುವವರಲ್ಲಿ ನಾನೂ ಒಬ್ಬ. ಗಾಳಿಯಿಂದ ಹಿಡಿದದ್ದು ಎಲ್ಲ ಸರೋವರಗಳಲ್ಲೂ ಸಾರಜನಕದ ಕೊರತೆಯನ್ನು ಪೂರ್ತಿ ತುಂಬುವುದಿಲ್ಲ ಎಂಬ ವಾದ ವಿಜ್ಞಾನಿಗಳಲ್ಲೇ ಬಲವಾಗಿದೆ. 227ನೇ ಸರೋವರದ ಅಂಕಿಅಂಶಗಳನ್ನೇ ಮುಂದಿಟ್ಟು ಹಾಗೆ ಬರೆದವರಿದ್ದಾರೆ. ಗಾಳಿಯಿಂದ ಸಾರಜನಕ ಹಿಡಿಯುವ ಕೆಲಸ ದುಬಾರಿ ಎಂದು ಮೇಲೆ ಹೇಳಿದೆನಲ್ಲ, ಅದೇ ಕಾರಣ. ಇನ್ನು ಸಾರಜನಕ ಹಿಡಿಯಲಾಗದ ಮೈಕ್ರೋಸಿಸ್ಟಿಸ್ ಮಾಡಿರುವ ಹಾನಿ ಸಣ್ಣದಲ್ಲ. 2007ರಲ್ಲಿ ಚೀನಾದ ತೈಹು ಸರೋವರದಲ್ಲಿ ಅದು ಹಬ್ಬಿ, ವೂಶಿ ನಗರದ ಸುಮಾರು 20 ಲಕ್ಷ ಜನರ ಕುಡಿಯುವ ನೀರು ಕೆಟ್ಟಿತು. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೀಡೊ ನಗರದಲ್ಲಿ ಈರೀ ಸರೋವರದ ನೀರಿಗೆ ಅದರ ವಿಷ ಸೇರಿ, 4 ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯಬೇಡಿ ಎಂದು ಹೇಳಬೇಕಾಯಿತು. ಕುದಿಸಿದರೂ ಆ ವಿಷ ಹೋಗುವುದಿಲ್ಲ. ಇಂಥದ್ದಕ್ಕೆ ಸಾರಜನಕವನ್ನು ಧಾರಾಳವಾಗಿ ಬಿಡುವುದು ಹುಚ್ಚುತನ.

ಎರಡು ಬಗೆಯವರೂ ಯಾವಾಗಲೂ ಶತ್ರುಗಳಲ್ಲ ಎಂಬುದೂ ಗೊತ್ತಿರಲಿ. ಹಿಡಿಯುವವರು ಸೋರಿಸಿದ, ಸತ್ತು ಕೊಳೆತು ಬಿಟ್ಟ ಸಾರಜನಕವನ್ನು ಆಮೇಲೆ ಬರುವ ಮೈಕ್ರೋಸಿಸ್ಟಿಸ್ ಬಳಸಿಕೊಳ್ಳುತ್ತದೆ. ಅಮೆರಿಕದ ಮೆಂಡೋಟಾ ಸರೋವರದಲ್ಲಿ ಅಫನಿಜೊಮೆನಾನ್ ಸಾರಜನಕ ಹಿಡಿದ ಅವಧಿಯ ಬೆನ್ನಿಗೇ ಮೈಕ್ರೋಸಿಸ್ಟಿಸ್ ಮತ್ತು ಅದರ ವಿಷ ಏರಿದ್ದನ್ನು ದಾಖಲಿಸಿದ್ದಾರೆ. ಅಂದರೆ ರಂಜಕ ಉಳಿದಷ್ಟು ದಿನ ಸಾರಜನಕದ ಬಾಗಿಲು ಅರ್ಧ ಮಾತ್ರ ಮುಚ್ಚಿದಂತೆ. ಎರಡನ್ನೂ ಇಳಿಸಬೇಕು. ಒಂದನ್ನು ಮುಂದಕ್ಕೆ ಹಾಕುವ ಅನಿವಾರ್ಯ ಬಂದರೆ, ಮುಂದಕ್ಕೆ ಹಾಕಬಾರದ್ದು ರಂಜಕ. ನೀವು ಮಾಡಿದ್ದು ಸರಿಯಾಗಿ ಅದರ ತಿರುಗಮುರುಗ.

ತಳದ ಹೂಳಿನ ಬಗ್ಗೆ ನಿಮ್ಮ ಯೋಜನೆಯಲ್ಲಿ ಒಂದು ಅಕ್ಷರವೂ ಇಲ್ಲ. ಕ್ಲಿಫರ್ಡ್ ಮಾರ್ಟಿಮರ್ 1941-42ರಲ್ಲೇ ತೋರಿಸಿದ ವಿಷಯ ಇದು. ತಳದಲ್ಲಿ ಆಮ್ಲಜನಕ ಇರುವಷ್ಟು ಕಾಲ ಕಬ್ಬಿಣ ರಂಜಕವನ್ನು ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಮೇಲಿನ ಬೆಚ್ಚನೆ ನೀರು, ಕೆಳಗಿನ ತಣ್ಣನೆ ನೀರು ಬೇರೆ ಬೇರೆಯಾಗಿ ತಳದ ಆಮ್ಲಜನಕ ಮುಗಿದಾಗ ಕಬ್ಬಿಣ ಕರಗುತ್ತದೆ, ರಂಜಕ ಬಿಡುಗಡೆಯಾಗುತ್ತದೆ. ಕರಗಿದ ಕಬ್ಬಿಣವೂ ಜೊತೆಗೇ ಬರುತ್ತದೆ, ಸಾರಜನಕ ಹಿಡಿಯುವವರಿಗೆ ಅದೂ ಬೇಕಾದ್ದೇ. ಹೊರಗಿನಿಂದ ಬರುವ ರಂಜಕವನ್ನು ನಾಳೆಯೇ ನಿಲ್ಲಿಸಿದರೂ ಹಳೆಯ ದಾಸ್ತಾನು ವರ್ಷಗಳ ಕಾಲ ಹೊರಬರುತ್ತಿರುತ್ತದೆ. ಇದನ್ನು ಜನರಿಗೆ ಈಗಲೇ ಹೇಳಿಬಿಡಿ. ಇಲ್ಲದಿದ್ದರೆ ಎರಡನೇ ವರ್ಷ "ರಂಜಕ ತೆಗೆದದ್ದೂ ದಂಡವಾಯಿತು" ಎಂಬ ಮಾತು ಹುಟ್ಟುತ್ತದೆ. ಕಾಯುವುದರಲ್ಲಿ ಅರ್ಥವಿದೆ. ಅಮೆರಿಕದ ಸಿಯಾಟಲ್ ಪಕ್ಕದ ವಾಷಿಂಗ್ಟನ್ ಸರೋವರಕ್ಕೆ ಬೀಳುತ್ತಿದ್ದ ಕೊಳಚೆ ನೀರನ್ನು 1963ರಿಂದ 1968ರವರೆಗೆ ಹಂತಹಂತವಾಗಿ ಬೇರೆಡೆಗೆ ತಿರುಗಿಸಿದರು. ರಂಜಕ ಇಳಿಯಿತು, ನೀಲಿ-ಹಸಿರು ಪಾಚಿ ಹಿಮ್ಮೆಟ್ಟಿತು, 1970ರ ದಶಕದಲ್ಲಿ ನೀರು ತಿಳಿಯಾಯಿತು. ಅದು ಆಳವಾದ ಸರೋವರ, ಬೇಗ ಸುಧಾರಿಸಿತು. ಆಳವಿಲ್ಲದ ಕಡೆ ಹೂಳಿನ ಕಾಟ ಜಾಸ್ತಿ.

ಮೈಲುತುತ್ತದ ಬಗ್ಗೆ ಹೇಳದೆ ಇರಲಾರೆ. ವಾಸನೆಯ ದೂರು ಹೆಚ್ಚಾದಾಗ ದೋಣಿಯಲ್ಲಿ ಹೋಗಿ ಮೈಲುತುತ್ತ ಸುರಿದರು. ಮೂರ್ನಾಲ್ಕು ದಿನ ನೀರು ತಿಳಿಯಾಗಿ ಕಂಡಿತು, ಫೋಟೊ ಹೊಡೆಸಿದ್ದೂ ಆಯಿತು. ಮೈಲುತುತ್ತದಲ್ಲಿರುವ ತಾಮ್ರ ಪಾಚಿಯ ಕೋಶವನ್ನು ಒಡೆಯುತ್ತದೆ. ಒಳಗಿದ್ದ ವಿಷ, ವಾಸನೆ, ಕೂಡಿಟ್ಟ ರಂಜಕ ಎಲ್ಲ ಒಂದೇ ಸಲ ನೀರಿಗೆ ಬರುತ್ತದೆ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಆದದ್ದು ಇದೇ. ಅಲ್ಲಿನ ಸಾಲೊಮನ್ ಅಣೆಕಟ್ಟಿನ ನೀರಿಗೆ ಪಾಚಿ ಸಾಯಲೆಂದು ಮೈಲುತುತ್ತ ಹಾಕಿದರು. ಆಮೇಲೆ ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಯಕೃತ್ತಿಗೆ, ಮೂತ್ರಪಿಂಡಕ್ಕೆ ಪೆಟ್ಟು. ಕಾರಣ ಹುಡುಕಿದಾಗ ಆ ನೀರಿನಲ್ಲಿ ಸಿಕ್ಕಿದ್ದು ಸಿಲಿಂಡ್ರೊಸ್ಪರ್ಮಾಪ್ಸಿಸ್. ನಾನು ಮೇಲೆ ಹೇಳಿದ, ಮೇಲ್ಮೈ ಬಕೆಟ್ಟಿಗೆ ಬೀಳದ ಅದೇ ಪಾಚಿ. ನಮ್ಮಲ್ಲಿ ಮೈಲುತುತ್ತ ಹಾಕುವ ಮೊದಲು ಯಾವ ಕುಲದ ಪಾಚಿ ಇದೆ ಎಂದು ನನ್ನನ್ನಾಗಲಿ, ನನ್ನ ಜೊತೆ ಕೆಲಸ ಮಾಡುವವರನ್ನಾಗಲಿ ಒಂದು ಮಾತು ಕೇಳಲಿಲ್ಲ. ಹಾಕಿದ ಮೇಲೆ ವಿಷದ ಪರೀಕ್ಷೆಯನ್ನೂ ಮಾಡಿಸಲಿಲ್ಲ. ಏನೂ ಆಗಲಿಲ್ಲ, ನಿಜ. ಅದಕ್ಕೆ ಕಾರಣ ಅದೃಷ್ಟ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಬೇಡಿಕೆ ಏನು ಎಂದು ನೀವು ಕೇಳಬೇಕು.

ಮೊದಲಿಗೆ ರಂಜಕ ತೆಗೆಯುವ ಹಂತಕ್ಕೆ ದಿನಾಂಕ ಬೇಕು. "ಮುಂದಿನ ಹಂತದಲ್ಲಿ" ಎಂಬ ಮಾತು ಕೇಳಿ ಸಾಕಾಗಿದೆ. ಕಬ್ಬಿಣ ಅಥವಾ ಅಲ್ಯುಮಿನಿಯಂ ಲವಣ ಹಾಕಿ ರಂಜಕವನ್ನು ತಳಕ್ಕೆ ಕೂರಿಸುವುದು ಹೊಸ ವಿದ್ಯೆಯಲ್ಲ, ದಶಕಗಳಿಂದ ನಡೆದುಕೊಂಡು ಬಂದದ್ದು. ಹೊಲಗಳಿಂದ ಹರಿದು ಬರುವ ರಂಜಕ ಇನ್ನೂ ಕಷ್ಟದ ಬಾಬತ್ತು, ಅದು ನಿಮ್ಮ ಒಂದೇ ಕಚೇರಿಯ ಕೈಯಲ್ಲಿಲ್ಲ ಎಂದು ಬಲ್ಲೆ. ಆದರೆ ಜೋರು ಮಳೆಯ ದಿನ ತೊರೆಗಳಲ್ಲಿ ಎಷ್ಟು ರಂಜಕ ಬರುತ್ತದೆ ಎಂದು ಅಳೆಯುವುದಾದರೂ ನಿಮ್ಮ ಕೈಯಲ್ಲಿದೆ. ತಿಂಗಳಿಗೊಮ್ಮೆ ಗೊತ್ತಾದ ದಿನ ಹೋಗಿ ಮಾದರಿ ತಂದರೆ ಆ ದಬದಬ ಬಂದದ್ದು ತಪ್ಪಿಹೋಗುತ್ತದೆ. ಪಾಚಿಗಳು ಅದನ್ನು ತಪ್ಪಿಸಿಕೊಳ್ಳುವುದಿಲ್ಲ.

ವರದಿಯಲ್ಲಿ ಒಟ್ಟು ರಂಜಕ, ಒಟ್ಟು ಸಾರಜನಕ ಎರಡೂ ಇರಲಿ. ಮೇಲ್ಮೈ, ನೀರೆಳೆಯುವ ಆಳ, ತಳ, ಈ ಮೂರೂ ಕಡೆಯಿಂದ. ತಳದ ಆಮ್ಲಜನಕದ ಅಳತೆಯೂ ಜೊತೆಗಿರಲಿ. ಹೂಳಿನಿಂದ ಎಷ್ಟು ರಂಜಕ ಬರುತ್ತಿದೆ ಎಂದು ಒಮ್ಮೆ ಸರಿಯಾಗಿ ಲೆಕ್ಕ ಹಾಕಿಸಿ. ಹೂಳೆತ್ತಬೇಕೋ, ತಳಕ್ಕೆ ಆಮ್ಲಜನಕ ಕೊಡಬೇಕೋ, ರಂಜಕವನ್ನು ಹಿಡಿದಿಡಲು ಲ್ಯಾಂಥನಮ್ ಎಂಬ ಲೋಹ ಬೆರೆಸಿದ ಜೇಡಿ ಹಾಕಬೇಕೋ ಎಂಬುದು ಆ ಲೆಕ್ಕ ಬಂದ ಮೇಲಿನ ಮಾತು. ಲೆಕ್ಕಕ್ಕೂ ಮೊದಲೇ ಟೆಂಡರ್ ಕರೆಯಬೇಡಿ.

ಪಾಚಿಯ ಕಾಲಂ ಒಡೆಯಿರಿ. ಕುಲದ ಹೆಸರು ಬರಲಿ, ಅದರ ಪಕ್ಕದಲ್ಲಿ ಹೆಟೆರೋಸಿಸ್ಟ್ ಎಣಿಕೆ ಬರಲಿ. ಡೋಲಿಕೋಸ್ಪರ್ಮಮ್ ಇದೆ, ಹೆಟೆರೋಸಿಸ್ಟ್ ಇಲ್ಲ ಎಂದರೆ ಅದು ನೀರಿನ ಸಾರಜನಕವನ್ನೇ ತಿನ್ನುತ್ತಿದೆ ಎಂದು ಲೆಕ್ಕ. ಹೆಟೆರೋಸಿಸ್ಟ್ ಏರುತ್ತಿದ್ದರೆ ಗಾಳಿಯ ಸಾರಜನಕಕ್ಕೆ ಕೈ ಹಾಕಿದೆ ಎಂದು ಲೆಕ್ಕ. ಇದಕ್ಕೆ ಹೊಸ ಯಂತ್ರ ಬೇಡ. ಮಾದರಿ ಹೇಗೂ ಮೈಕ್ರೋಸ್ಕೋಪಿನಡಿ ಇರುತ್ತದೆ. ಇನ್ನೊಂದಷ್ಟು ಹೊತ್ತು ಕಣ್ಣಿಡಬೇಕು, ಅಷ್ಟೇ. ಆ ಹೊತ್ತನ್ನು ನಮಗೆ ಕೊಡಿ.

ವಿಷದ ಪರೀಕ್ಷೆ ಮೈಕ್ರೋಸಿಸ್ಟಿಸ್ ಮಾಡುವ ವಿಷವಾದ ಮೈಕ್ರೋಸಿಸ್ಟಿನ್‌ಗೆ ಮಾತ್ರ ನಿಲ್ಲಬಾರದು. ಸಾರಜನಕ ಹಿಡಿಯುವವರು ಮುಂದೆ ಬಂದ ಜಲಾಶಯದಲ್ಲಿ ಸಿಲಿಂಡ್ರೊಸ್ಪರ್ಮಾಪ್ಸಿನ್, ಸ್ಯಾಕ್ಸಿಟಾಕ್ಸಿನ್, ಅನಟಾಕ್ಸಿನ್ ಇವುಗಳನ್ನೂ ನೋಡಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕುಡಿಯುವ ನೀರಿನಲ್ಲಿ ಜೀವಮಾನವಿಡೀ ಸೇವನೆಗೆ ಸಿಲಿಂಡ್ರೊಸ್ಪರ್ಮಾಪ್ಸಿನ್‌ಗೆ ಲೀಟರಿಗೆ 0.7 ಮೈಕ್ರೋಗ್ರಾಂ ಎಂಬ ಮಟ್ಟ ಸೂಚಿಸಿದೆ. ಮೈಕ್ರೋಸಿಸ್ಟಿನ್‌ಗೆ ಇರುವುದು 1 ಮೈಕ್ರೋಗ್ರಾಂ. ಅಂದರೆ ನೀವು ನೋಡದೆ ಬಿಟ್ಟ ವಿಷದ ಮಿತಿ ನೀವು ನೋಡುತ್ತಿರುವ ವಿಷದ ಮಿತಿಗಿಂತ ಬಿಗಿ. ಪಾಚಿ ದಟ್ಟವಾಗಿ ಹಬ್ಬಿದ ನೀರಿಗೆ ಮೈಲುತುತ್ತ ಹಾಕುವುದನ್ನು ಲಿಖಿತ ಆದೇಶದಿಂದಲೇ ನಿಲ್ಲಿಸಿ.

ಕೊನೆಯದಾಗಿ ಅಂಕಿಗಳು. ಕಚ್ಚಾ ಅಂಕಿಗಳನ್ನು ಎಲ್ಲರಿಗೂ ಸಿಗುವಂತೆ ಇಡಿ. "ಪತ್ತೆಯಾಗಿಲ್ಲ" ಎಂದು ಬರೆದ ಕಡೆಯೆಲ್ಲ ಎಷ್ಟರವರೆಗೆ ಪತ್ತೆ ಮಾಡುವ ಸಾಮರ್ಥ್ಯ ಇತ್ತು ಎಂಬ ಅಂಕಿಯನ್ನೂ ಪಕ್ಕದಲ್ಲಿ ಬರೆಯಿರಿ. ಮತ್ತು ಒಂದು ಪ್ರಶ್ನೆಗೆ ಲಿಖಿತ ಉತ್ತರ ಕೊಡಿ: ನೀರೆಳೆಯುವ ಆಳದಲ್ಲಿ ಒಟ್ಟು ರಂಜಕ ಎಷ್ಟಿದೆ ಎಂದು ಇಲ್ಲಿಯವರೆಗೆ ಯಾಕೆ ಅಳೆದಿಲ್ಲ, ಮೊದಲ ಅಳತೆ ಯಾವ ತಿಂಗಳು ಆಗುತ್ತದೆ?

ಇಂತಿ ತಮ್ಮ ವಿಶ್ವಾಸಿ,
ನೀರಿನ ಮಾದರಿಗಳಲ್ಲಿ ಪಾಚಿ ಎಣಿಸುವವರಲ್ಲೊಬ್ಬ